ಇಳಿಬಿದ್ದ ದಾರ

"ಉಸಿರು ಬಿಡಬೇಡ ಅಕ್ಕ, ಹಾರಿಹೋಗ್ತಾವೆ," ಎಂದಳು ಊರಿನ ಆರೋಗ್ಯ ಕಾರ್ಯಕರ್ತೆ ವಿಲೈ.

ಬುಪ್ಪಾ ರಸಗೊಬ್ಬರದ ಖಾಲಿ ಚೀಲದ ಬಾಯಿ ಅಗಲಿಸಿ ಹಿಡಿದಳು. ಕಂಬಗಳ ಮೇಲೆ ನಿಂತ ಅವಳ ಮನೆಯ ಅಡಿಯಲ್ಲಿ, ತೊಲೆಯಿಂದ ಇಳಿಬಿದ್ದ ಹಗ್ಗಕ್ಕೆ ಗುಂಗುರು ನೊಣಗಳು ಮುತ್ತಿ, ಹಗ್ಗವೇ ಕರಿ ಜಡೆಯಂತಾಗಿತ್ತು. ವಿಲೈ ಚೀಲವನ್ನು ಕೆಳಗಿನಿಂದ ಮೆಲ್ಲಗೆ ಏರಿಸಿ, ಬಾಯಿ ಬಿಗಿದು, ಹಗ್ಗ ಕತ್ತರಿಸಿ, ಚೀಲದ ಸಮೇತ ಬೆಂಕಿಗೆ ಹಾಕಿದಳು.

"ಸಂಜೆಯಾದ್ರೆ ಜೋತಾಡೋದು ಏನಿದ್ರೂ ಅದಕ್ಕೆ ಹತ್ಕೋತಾವೆ. ಒಂದು ದಾರಾನೂ ಬಿಡಬಾರದು."

"ನನ್ನ ಗಂಡನೂ ಸಂಜೆಯಾದ್ರೆ ಹಿಂಗೇ ಎಲ್ಲೋ ಜೋತುಬೀಳ್ತಿದ್ದ. ಚೀಲ ತೊಡಿಸೋದು ಹೊಳೀಲೇ ಇಲ್ಲ ನೋಡು."

ವಿಲೈ ನಗುತ್ತಲೇ, ಅಡುಗೆಮನೆಯ ಹಲಗೆಸಂದಿಯಿಂದ ಮುಸುರೆನೀರು ಸುರಿದು ಕಪ್ಪಾದ ಮಣ್ಣನ್ನು ಕಾಲಿನಿಂದ ಕೆದಕಿದಳು. "ಹುಟ್ಟೋದು ಇಲ್ಲಿ. ಕಚ್ಚಲ್ಲ ಇವು, ಕಣ್ಣೀರು ಕುಡಿಯೋಕೆ ಬರ್ತಾವೆ. ಒಬ್ಬರ ಕಣ್ಣಿನ ಕೀವು ಇನ್ನೊಬ್ಬರಿಗೆ ಹಚ್ಚಿ ಹೋಗ್ತಾವೆ."

ಬುಪ್ಪಾ ಮೂರು ದಿನ ಬೆನ್ನು ನೆಟ್ಟಗೆ ಮಾಡಲಿಲ್ಲ. ಆ ಮಣ್ಣು ಅಗೆದು ಬಿಸಿಲಿಗೆ ಹರವಿದಳು, ಗುಂಡಿಗೆ ಸುಣ್ಣ ಸುರಿದಳು. ಬಟ್ಟೆ ಒಣಗಿಸುವ ಹಗ್ಗ, ಗಂಡನ ಮೀನಿನ ಬಲೆ, ಎಮ್ಮೆಯ ಹಳೆ ಮೂಗುದಾರ, ಎಲ್ಲವನ್ನೂ ಸುಟ್ಟಳು. ಆಸ್ಪತ್ರೆಯಿಂದ ತಂದ ಹನಿ ಬಿಡುತ್ತಿದ್ದರೂ ಮಗಳು ನಾರಿನ್‌ಳ ಎಡಗಣ್ಣಿಗೆ ಆಗಲೇ ಹೂ ಬಿದ್ದಿತ್ತು. ಬಲಗಣ್ಣು ಉಳಿದರೆ ಮಗ್ಗ ಉಳಿಯುತ್ತಿತ್ತು. ಮಗ್ಗದ ಮೇಲೆ ಅವಳು ಅರ್ಧ ನೇಯ್ದ ರೇಷ್ಮೆ ಹಾಗೇ ಇತ್ತು.

ಒಂದನ್ನು ಮಾತ್ರ ಅವಳು ಮುಟ್ಟಲಿಲ್ಲ. ಮಗಳ ಕಣ್ಣು ವಾಸಿಯಾಗಲೆಂದು ಭಿಕ್ಷುಗಳು ಮಂತ್ರಿಸಿ ಕಟ್ಟಿದ ಬಿಳಿ ದಾರ ಅದು. ಬುದ್ಧನ ಗೂಡಿನಿಂದ ತೊಲೆಯ ಮೇಲೆ ಹಾದು, ಚಾಪೆಯಲ್ಲಿ ಮಲಗಿದ್ದ ನಾರಿನ್‌ಳ ಮಣಿಕಟ್ಟಿಗೆ ಇಳಿದಿತ್ತು. ಕಟ್ಟಿದ ಮೇಲೆ ಏಳು ದಿನ ಕಡಿಯಬಾರದು.

ಕೂರಲು ಬೇರೆಲ್ಲೂ ಜಾಗ ಸಿಗದ ಗುಂಗುರುಗಳು ಸಂಜೆಯಾದರೆ ಅದಕ್ಕೇ ಮುತ್ತಿ ಅದನ್ನು ಕರಿ ಮಾಡಿದವು. ಬೆಳಗಾದರೆ ಅವಕ್ಕೆ ಗೇಣು ದೂರದಲ್ಲೇ ನಾರಿನ್‌ಳ ಕಣ್ಣು.

ಆರನೆಯ ದಿನ ಸಂಜೆ ವಿಲೈ ಬಂದು ನಾರಿನ್‌ಳ ಬಲಗಣ್ಣಿನ ರೆಪ್ಪೆ ಬಿಡಿಸಿದಳು. ಟಾರ್ಚು ಹಿಡಿದಳು; ಅಲ್ಲೂ ಹೂ ಬೀಳತೊಡಗಿತ್ತು. ಆರಿಸಿದಳು. ಆಮೇಲೆ ಕತ್ತೆತ್ತಿ ದಾರ ನೋಡಿದಳು.

"ಇದನ್ಯಾಕೆ ಬಿಟ್ಟೆ ಅಕ್ಕ?"

"ದೇವರದ್ದು ಕಣೇ ಅದು."

ವಿಲೈ ಮುಖ ತಿರುಗಿಸಿದಳು. "ಬೆಳಿಗ್ಗೆ ಆಸ್ಪತ್ರೆ ಗಾಡಿ ಕರೆಸ್ತೀನಿ," ಎಂದು ಮೆಟ್ಟಿಲಿಳಿದಳು. 

ಬುಪ್ಪಾ ಕತ್ತರಿ, ಚೀಲ ತಂದಳು.

"ಅವ್ವಾ," ನಾರಿನ್ ಮಣಿಕಟ್ಟನ್ನು ಅಲುಗಿಸದೆ ಕೇಳಿದಳು, "ದಾರ ನಡುಗ್ತಿದೆ. ಭಿಕ್ಷುಗಳು ಬಂದಿದ್ದಾರಾ? ಮಂತ್ರ ಹೇಳ್ತಿದ್ದಾರಾ?"

"ಹೂಂ ಕಣೇ. ಸುಮ್ನೆ ಮಲಕ್ಕೋ."

ಚೀಲದ ಬಾಯಿ ಅಗಲಿಸಿಕೊಂಡು, ಉಸಿರು ಬಿಗಿಹಿಡಿದು, ಬುಪ್ಪಾ ಆ ಕರಿ ದಾರದ ಕೆಳಗೆ ನಿಂತೇ ಇದ್ದಳು.