ಜೇಬಿನಲ್ಲಿದ್ದ ಭಾಷಣ

ಮೈಕಿಗೂ ನನಗೂ ಆಗಿಬರುವುದಿಲ್ಲ. ಮೂರು ವರ್ಷದ ಕೆಳಗೆ, ಕಂಪನಿಯಲ್ಲಿ ನನಗೆ ಹದಿನೈದು ವರ್ಷ ತುಂಬಿತೆಂದು ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. “ಎಲ್ಲರಿಗೂ” ಎಂದೆ. ಮುಂದೆ ಏನೂ ಬರಲಿಲ್ಲ. ಕೈ ನಡುಗಿತು. ಮೈಕನ್ನು ಸೂಪರ್‌ವೈಸರ್ ಕೈಗೆ ತುರುಕಿ ಇಳಿದು ಬಂದೆ. ಆಮೇಲೆ ಮೈಕೇ ಸರಿಯಿರಲಿಲ್ಲ ಎಂದು ಹೇಳಿಕೊಂಡು ತಿರುಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಂದಿಗೂ ಕ್ಯಾಂಟೀನಿನಲ್ಲಿ ಟೀ ಬಂದರೆ ಸಾಕು, ಪಕ್ಕದ ಮಿಷನ್ನಿನ ಭೈರೇಶ ನನ್ನ ಮುಖ ನೋಡಿ “ಎಲ್ಲರಿಗೂ” ಎನ್ನುತ್ತಾನೆ. ಉಳಿದವರು ನಗುತ್ತಾರೆ.

ಅದನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದೆ ಹೋದದ್ದು ನನ್ನ ಹೆಂಡತಿ ಸರಳಾಳ ಮಾತುಗಾರಿಕೆಯನ್ನು.

ಗುಮ್ಮಳಾಪುರದ ನಮ್ಮ ಮನೆಯಲ್ಲಿ ಹಿರಿಯರಿದ್ದರೆ ಬಾಗಿಲ ಮರೆಯಿಂದಲೇ ಮಾತಾಡುತ್ತಿದ್ದವಳು. ಹೊಸೂರಿನ ಮೂಕಂಡಪಲ್ಲಿಗೆ ಬಂದ ಮೇಲೂ ಅಂಗಡಿಯವನು ಕೊಟ್ಟ ಬೇಳೆಯಲ್ಲಿ ಹುಳ ಕಂಡರೆ, ಕೇಳುವುದಕ್ಕೆ ನನ್ನನ್ನೇ ಮುಂದೆ ತಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ನಮ್ಮ ಕಂಪನಿಯಲ್ಲೇ ಪ್ಯಾಕಿಂಗಿಗೆ ಸೇರಿದಳು. ಅಲ್ಲಿ ದಿನಾ ಬೆಳಗ್ಗೆ ಒಬ್ಬರು ಎಲ್ಲರೆದುರು ನಿಂತು ಸುರಕ್ಷತೆಯ ಪ್ರತಿಜ್ಞೆ ಹೇಳಿಸಬೇಕು. ಮೊದಲ ಸಲ ಸರದಿ ಬಂದಾಗ ಜ್ವರ ಎಂದು ರಜೆ ಹಾಕಿದಳು. ಎರಡನೇ ಸಲ ತಲೆ ಬಗ್ಗಿಸಿ ಓದಿದಳು. ಆರು ತಿಂಗಳು ಕಳೆಯುವುದರೊಳಗೆ ಚೀಟಿಯಿಲ್ಲದೆ ಹೇಳಿಸಿ, ಕೊನೆಗೊಂದು ತಮಾಷೆ ಸೇರಿಸಿ ನಗಿಸತೊಡಗಿದಳು. ಒಂದು ದಿನ ಗೇಟಿನ ಸೆಕ್ಯುರಿಟಿಯವನು ನನ್ನನ್ನು ತಡೆದು, “ನೀವು ಸರಳಕ್ಕನ ಯಜಮಾನ್ರಾ?” ಎಂದು ಕೇಳಿದ. ಆ ಗೇಟಿನಲ್ಲಿ ನಾನು ಹದಿನೆಂಟು ವರ್ಷದಿಂದ ಓಡಾಡುತ್ತಿದ್ದೇನೆ.

ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ. ಹೊಟ್ಟೆ ಉರಿಯಿತು, ಅದಕ್ಕೆ ಬೇರೆ ಹೆಸರಿಡುವುದು ಬೇಡ.

ಈ ಮಾರ್ಚಿನಲ್ಲಿ ಸುರಕ್ಷತಾ ಸಪ್ತಾಹಕ್ಕೆಂದು ಹಲವು ಕಾರ್ಖಾನೆಗಳು ಸೇರಿ ಕೃಷ್ಣಗಿರಿಯ ಕಲ್ಯಾಣ ಮಂಟಪವೊಂದರಲ್ಲಿ ಸಭೆ ಇಟ್ಟುಕೊಂಡವು. ನಮ್ಮ ಕಂಪನಿಯಿಂದ ಮಾತಾಡಲು ಆರಿಸಿದ್ದು ಸರಳಾಳನ್ನು. ಅವಳು ಓದಿದ್ದು ಕನ್ನಡದಲ್ಲಿ, ಅಲ್ಲಿ ಬೇಕಾದದ್ದು ತಮಿಳು. ಆಫೀಸಿನ ಸುಷ್ಮಾ ಮೇಡಂ ತಮಿಳಿನಲ್ಲಿ ಹೇಳಿದ್ದನ್ನು ಇವಳು ಕನ್ನಡ ಅಕ್ಷರದಲ್ಲಿ ಒಂದು ಹಾಳೆ ಬರೆದುಕೊಂಡು ಬಂದಳು. ಮೂರು ಸಂಜೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎದುರು ನಿಂತು ಒಪ್ಪಿಸಿದಳು.

“ಕೈ ಯಾಕಂಗಾಡುಸ್ತೀಯ? ನೊಣ ಓಡ್ಸಂಗೈತೆ.”

“ಸರಿ,” ಎಂದು ಮೊದಲಿಂದ ಶುರು ಮಾಡುವಳು.

“ಈ ತಮಿಳು ಕೇಳಿದ್ರೆ ಜನ ಎದ್ದೋಯ್ತಾರೆ.”

“ಯಾವ ಮಾತು ತಪ್ಪಾಯ್ತು ಹೇಳ್ರಿ, ತಿದ್ಕೋತೀನಿ.” ತಿದ್ದಿಕೊಂಡು ಮತ್ತೆ ಶುರು ಮಾಡುವಳು. ಅವಳು ಅಳಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಉರಿ ಹೆಚ್ಚಿದ್ದು ಅದಕ್ಕೇ.

ಹೊರಡುವ ಬೆಳಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ, ಅವಳ ಬ್ಯಾಗಿನ ಜಿಪ್ ತೆಗೆದು ಆ ಹಾಳೆಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಏನೋ ಆ ಗಳಿಗೆಯ ಬುದ್ಧಿ ಎಂದು ಹೇಳಬಹುದು, ಆದರೆ ಅದು ಸುಳ್ಳು. ಹಿಂದಿನ ದಿನವೇ ಯೋಚಿಸಿದ್ದೆ. ನನಗೆ ಬೇಕಿದ್ದದ್ದು ಇಷ್ಟೇ: ನಾನು ನಿಂತ ಹಾಗೆ ಅವಳೂ ಒಂದು ಸಲ ನಿಲ್ಲಬೇಕು. ಆಮೇಲೆ ಮನೆಯಲ್ಲಿ ನಾವಿಬ್ಬರೂ ಸಮ.

ಮಂಟಪದಲ್ಲಿ ಐನೂರು ಜನರಿದ್ದರು. ನಾನು ಮೂರನೇ ಸಾಲಿನಲ್ಲಿ, ನನ್ನ ಹಿಂದೆ ಭೈರೇಶ. ಹೆಸರು ಕರೆದಾಗ ಸರಳಾ ವೇದಿಕೆ ಹತ್ತಿ ಬ್ಯಾಗಿನ ಜಿಪ್ ಎಳೆದಳು. ಕೈ ಒಳಗೆ ಹೋಯಿತು, ಬರಿದೇ ಬಂತು. ಇನ್ನೊಂದು ಜಿಪ್ ಎಳೆದಳು. ಅವಳ ಮೇಲ್ದುಟಿಯ ಬೆವರು ನನ್ನ ಜಾಗಕ್ಕೇ ಕಾಣುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಗಳಿಗೆ ನನಗೆ ಹಬ್ಬ.

ಸರಳಾ ಬ್ಯಾಗು ಮುಚ್ಚಿ ಕಾಲ ಬಳಿ ಇಟ್ಟಳು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಶುರು ಮಾಡಿದಳು.

“ಬರ್ಕೊಂಡ್ ಬಂದಿದ್ದು ಸಿಕ್ತಿಲ್ಲ. ಇರ್ಲಿ, ನಡ್ದಿದ್ದೇ ಹೇಳ್ತೀನಿ. ನಂಗೆ ನಾಕು ಜನದ ಮುಂದೆ ಬಾಯಿ ಬಿಡಕ್ಕೆ ಬಲು ಭಯ. ಒಂದಿನ ಪಕ್ಕದೋಳ ವೇಲು ಬೆಲ್ಟಿಗೆ ಸಿಕ್ಕಾಕ್ಕೊಂತು. ನಾನು ನೋಡ್ದೆ, ಕೂಗಕ್ಕೆ ಬಾಯೇ ಬರ್ಲಿಲ್ಲ. ಇನ್ಯಾರೋ ಓಡ್ಬಂದು ಮಿಷನ್ ನಿಲ್ಸಿದ್ರು. ಅವಳು ಉಳ್ಕೊಂಡ್ಳು. ನಂಗೆ ಮಾತ್ರ ಅವತ್ತಿಂದ ನಿದ್ದೆ ಬರ್ಲಿಲ್ಲ. ಹೊತ್ತಿಗಾಗ್ದಿರೋ ಬಾಯಿ ಇದ್ದೇನ್ ಬಂತು? ಅದಕ್ಕೇ ಮಾತಾಡದ್ ಕಲ್ತೆ.”

ಈ ವಿಷಯ ನನಗೆ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

“ಇವತ್ತಿನ ಭಾಷಣ ಕಲ್ತಿದ್ದು ನಮ್ಮೆಜಮಾನ್ರ ಮುಂದೆ ನಿಂತ್ಕೊಂಡು. ಅವ್ರು ಒಂದು ತಪ್ಪೂ ಬಿಡಾಕಿಲ್ಲ. ಅವ್ರ ಮುಂದೆ ಮಾತಾಡ್ದೋಳ್ಗೆ ನೀವು ಐನೂರು ಜನ ಯಾವ ಲೆಕ್ಕ?”

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದಳು. ನನಗೆ ಚುಚ್ಚಿದ್ದು ಅದೇ.

ನಿರೂಪಣೆ ಮಾಡುತ್ತಿದ್ದ ಕುಮಾರೇಶ್ ಮೈಕು ಹಿಡಿದು, ಅಂಥ ಗುರುಗಳು ಸಭೆಯಲ್ಲೇ ಇದ್ದಾರಂತೆ, ಮೇಲೆ ಬಂದು ಎರಡು ಮಾತಾಡಲಿ ಎಂದು ತಮಿಳಿನಲ್ಲಿ ಕರೆದ. ಭೈರೇಶ ಬೆನ್ನಿಗೆ ತಿವಿದ. “ಹೋಗಣ್ಣ. ‘ಎಲ್ಲರಿಗೂ’ ಅಂತ ಅಂದ್ಬುಟ್ಟು ಬಾ.”

ಹೇಗೆ ಹತ್ತಿದೆನೋ ತಿಳಿಯದು. ಮೈಕು ಕೈಗೆ ಬಂತು. “ಎಲ್ಲರಿಗೂ,” ಎಂದೆ. “ನಮಸ್ಕಾರ.”

ಮೂರು ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಮಾತು ಮುಗಿಯಿತು. ಅಲ್ಲಿಗೇ ಇಳಿದು ಬರಬಹುದಿತ್ತು. ಆದರೆ ಸರಳಾ ಪಕ್ಕದಲ್ಲೇ ನಿಂತು, ಪ್ರತಿಜ್ಞೆ ಹೇಳಿಸುವಾಗ ಹೊಸಬರಿಗೆ ಧೈರ್ಯ ಕೊಡುವ ಹಾಗೆ, ನನ್ನ ಕಡೆ ಮೆಲ್ಲನೆ ತಲೆಯಾಡಿಸುತ್ತಿದ್ದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಜೇಬಿನಿಂದ ಹಾಳೆ ತೆಗೆದು, ಅವಳ ಹಾಗೇ ಎರಡೂ ಭಾಷೆ ಬೆರೆಸಿ ಹೇಳಿದೆ.

“ಇವಳು ಬರ್ಕೊಂಡಿದ್ದು ಕಳ್ದೋಗಿರ್ಲಿಲ್ಲ. ನಾನೇ ಎತ್ಕೊಂಡಿದ್ದೆ. ಇವಳು ಮಾತಾಡದ್ ಕಂಡ್ರೆ ನಂಗೆ ಹೊಟ್ಟೆ ಉರೀತದೆ.”

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಕುಮಾರೇಶ್ ಕಣ್ಣೊರೆಸಿಕೊಂಡು, ಗಂಡ ಹೆಂಡತಿ ಇಬ್ಬರೂ ಸೇರಿ ಒಳ್ಳೆ ನಾಟಕ ಕಟ್ಟಿದ್ದಾರೆ ಎಂದ. ಭೈರೇಶ ಎದ್ದು ನಿಂತು ಶಿಳ್ಳೆ ಹೊಡೆದ. ನಗದೆ ಇದ್ದವಳು ಸರಳಾ ಒಬ್ಬಳೇ. ಅವಳು ಆ ಹಾಳೆಯ ಮೇಲಿನ ತನ್ನ ಅಕ್ಷರ ನೋಡುತ್ತಿದ್ದಳು.

ಸಂಜೆ ಹೊಸೂರಿನ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಹಾಳೆ ಅವಳ ಮಡಿಲಲ್ಲಿತ್ತು. ಶೂಳಗಿರಿ ದಾಟುವವರೆಗೂ ಅದನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು. ಆಮೇಲೆ ಹೊರಗೆ ನೋಡುತ್ತಲೇ ಅಂದಳು:

“ಕೈ ನಡುಗ್ಲಿಲ್ಲ ನಿಮ್ದು.”

“ಹ್ಞೂಂ.”

“ಜನ ತಮಾಷೆ ಅಂದ್ಕೊಂಡ್ರು.”

ಅವಳು ನನ್ನ ಕಡೆ ತಿರುಗಿದಳು.

“ಇಲ್ಲಿ ಮೈಕಿಲ್ಲ. ಕೇಳೋಳು ನಾನೊಬ್ಳೇ. ಇನ್ನೊಂದ್ಸಲ ಹೇಳ್ರಿ.”

ಮುಂದಿನ ಸೀಟಿನ ಕಂಬಿ ಹಿಡಿದಿದ್ದ ಕೈ ನಡುಗತೊಡಗಿತು. “ಸರಳಾ” ಎಂದೆ. ಮುಂದೆ ಏನೂ ಬರಲಿಲ್ಲ.