ಮನೆ ಕಾಯುವ ಪೆಟ್ಟಿಗೆ

"ಸರೀರಿ, ಸರೀರಿ! ಈ ಬಾಗಿಲಿಗೆ ನನ್ನ ಒಂದು ಕೆಮ್ಮು ಸಾಕು," ಎನ್ನುತ್ತ ಬಾಮೈದ ತೋಳು ಮಡಚಿಕೊಂಡು ಮುಂದೆ ಬಂದ. "ಹೋದ ವರ್ಷ ಮೂರು ಬೀದಿ ಆಚೆ ನಿಂತು ಸೀನಿದೆ ನೋಡಿ, ಈ ಬಾಗಿಲು, ಪಕ್ಕದ ಮನೆ ಬಾಗಿಲು, ಬ್ಯಾಂಕಿನ ತಿಜೋರಿ, ಮೂರೂ ಒಟ್ಟಿಗೆ ತೆರ್ಕೊಂಡ್ವು. ಬ್ಯಾಂಕಿನವರು ಬಂದು ಕೈ ಮುಗಿದು ನೆಗಡಿ ಮಾತ್ರೆ ಕೊಟ್ಟು ಹೋದ್ರು."

ಕೆಮ್ಮಿದ. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ನೂಕಿದ. ನೋವಾದದ್ದು ಭುಜಕ್ಕೆ.

ನಡುಮನೆಯಲ್ಲಿ ಇಪ್ಪತ್ತೆರಡು ಜನರಿದ್ದರು. ಬಾಮೈದನ ಲೆಕ್ಕದಲ್ಲಿ ಇನ್ನೂರು. ಅವರ ನಡುವೆ ಬಿಳಿ ಬಟ್ಟೆ ಹೊದ್ದು ಅವನ ಭಾವ ಮಲಗಿದ್ದರು. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದೇ ಅವರ ಕಸುಬು. ಈಗ ಅವರ ಮನೆಯಲ್ಲೇ ಅಷ್ಟೂ ಜನ ಸಿಕ್ಕಿಕೊಂಡಿದ್ದರು. ಕೆಳಗೆ ಶವದ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಚಿತಾಗಾರದಲ್ಲಿ ಹನ್ನೊಂದಕ್ಕೆ ಸರದಿ, ತಪ್ಪಿದರೆ ನಾಳೆಗೆ.

"ಅವರ ಫೋನ್ ಆಫ್ ಮಾಡಿದ್ದು ಯಾರು?" ಎಂದು ಗ್ರೀಸಣ್ಣ ಕೇಳಿದ. ಭಾವನ ಜೊತೆ ಅಷ್ಟೂ ವರ್ಷ ದುಡಿದವನು. ಉಗುರಿನ ಕಪ್ಪು ಹೋಗದೆ ಆ ಹೆಸರು ಬಿದ್ದಿತ್ತು.

"ನಾನೇ. ಸಾವಿನ ಮನೇಲಿ ಗಂಟಲು ಹರ್ಕೊಳ್ತಾ ಇತ್ತು. ಮರ್ಯಾದೆ ಬೇಡ್ವಾ?"

"ಮಾರಾಯ, ಆ ಫೋನ್ ಆಫ್ ಆದ್ರೆ ಯಜಮಾನ್ರು ಹೊರಗೆ ಹೋದ್ರು ಅಂತ ಈ ಮನೆ ತಿಳ್ಕೊಳ್ಳುತ್ತೆ. ಆಗ ಒಳಗಿಂದಲೂ ಬೀಗ. ನಿಮ್ಮಕ್ಕ ಎದ್ದು ಹೊರಟುಬಿಡಬಾರ್ದಲ್ಲ."

ಬೆಳಿಗ್ಗೆ ಆಸ್ಪತ್ರೆಯಿಂದ ಆ ಫೋನ್ ಭಾವನ ಅಂಗಿ ಜೇಬಿನಲ್ಲೇ ಬಂದಿತ್ತು. ಯಜಮಾನರು ಬಂದರೆಂದು ಬಾಗಿಲು ತಾನಾಗಿ ತೆರೆದುಕೊಂಡಿತ್ತು.

"ಮತ್ತೆ ಆನ್ ಮಾಡಿದ್ರಾಯ್ತು."

"ಮಾಡಿದೆ. ಗುಟ್ಟಿನ ನಂಬರ್ ಕೇಳ್ತಿದೆ. ಅದನ್ನ ಅವರು ಜೊತೇಲೇ ತಗೊಂಡು ಹೋದ್ರು."

"ಮನೆ ನಡೆಸೋ ಆ ಪೆಟ್ಟಿಗೆ ವೈರ್ ಕಿತ್ತು ಬಿಸಾಕಿ!"

"ಕಿತ್ರೂ ಬೀಗ ಬಿಡಲ್ಲ. ಕರೆಂಟ್ ಹೋದಾಗ ಅಕ್ಕ ಹೊರಟಾರು ಅಂತ ಹಾಗೇ ಮಾಡಿಟ್ಟಿದ್ದಾರೆ. ಬಾಗಿಲೋ ಕಬ್ಬಿಣದ್ದು."

ಆಗಲೇ ಗೋಡೆಯ ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು. "ಬಂದೆ ಕಣೇ. ಹತ್ತೇ ನಿಮಿಷ. ನೀರು ಕುಡಿದು ಅಲ್ಲೇ ಕೂತಿರು."

ಭಾವನದೇ ದನಿ, ತಾವು ಹೊರಗಿದ್ದಾಗ ಅಕ್ಕನಿಗೆ ಕೇಳಿಸಲೆಂದು ರೆಕಾರ್ಡ್ ಮಾಡಿಟ್ಟದ್ದು. ಮೇಲಿನ ಮನೆಯ ಟೈಲರಮ್ಮ ಕಿಟಾರನೆ ಕಿರುಚಿದಳು. ಹೆಣದ ಕಾಲ ಬಳಿ ಕೂತಿದ್ದ ಅಕ್ಕ ಮಾತ್ರ ಲೋಟ ಎತ್ತಿ ನೀರು ಕುಡಿದಳು.

"ಬರ್ತಾರಂತೆ," ಎಂದಳು ಎಲ್ಲರಿಗೂ. "ನೀವೆಲ್ಲ ಯಾಕೆ ನಿಂತೇ ಇದ್ದೀರಿ? ಕೂತ್ಕೊಳ್ಳಿ."

ಅವಳ ಮಾತು ಮೀರುವ ಧೈರ್ಯ ಯಾರಿಗೂ ಆಗಲಿಲ್ಲ. ಒಬ್ಬೊಬ್ಬರಾಗಿ ಕೂತರು.

*

ಎರಡು ವರ್ಷದ ಹಿಂದೆ ಭಾವ ಫೋನ್ ಮಾಡಿದ್ದರು.

"ಲೋ, ಫೋಟೊ ವಿಡಿಯೊ ಎಲ್ಲ ಇಡೋಕೆ ಅಂತ ಎರಡು ಡಿಸ್ಕಿನ ಪೆಟ್ಟಿಗೆ ತಂದು ಮನೆ ನೆಟ್‌ವರ್ಕಿಗೆ ಹಾಕಿದ್ನಲ್ಲ, ಅದರೊಳಗೇ ಮನೆ ನಡೆಸೋ ಸಾಫ್ಟ್‌ವೇರ್ ಹಾಕಿಬಿಟ್ಟೆ. ಬೇರೆ ಕಂಪ್ಯೂಟರೇ ಬೇಡ. ದೀಪ, ಒಲೆ, ಬಾಗಿಲು ಎಲ್ಲಾ ಈಗ ಅದರ ಕೈಲಿ."

"ಸುಮ್ನೆ ಫೋಟೊ ಕಾಯ್ಕೊಂಡು ಬಿದ್ದಿದ್ದ ಸೋಮಾರಿನ ಕೆಲಸಕ್ಕೆ ಹಚ್ಚಿದ್ರಿ ಅನ್ನಿ."

"ನಿನ್ನ ಥರ ಅಲ್ಲಪ್ಪ ಅದು. ಹೇಳಿದ್ದು ಮಾಡುತ್ತೆ."

ಇಬ್ಬರೂ ನಕ್ಕರು. ಆಮೇಲೆ ಭಾವನ ದನಿ ಇಳಿಯಿತು. "ಮೊನ್ನೆ ಸೋಪು ತರೋಕೆ ಹೋಗಿದ್ದೆ ಕಣೋ. ಬಂದು ನೋಡಿದ್ರೆ ನಿನ್ನಕ್ಕ ಇಲ್ಲ. ಬಸ್ ನಿಲ್ದಾಣದಲ್ಲಿ ಸಿಕ್ಕಿದ್ಲು, ಬರಿಗಾಲಲ್ಲಿ. ಯಾವ ಊರಿಗೆ ಅಂದ್ರೆ ಮನೆಗೆ ಅಂತಾಳೆ. ಈಗ ಅವಳೂ ಒಳಗೆ, ನಾನೂ ಒಳಗೆ. ಹೊರಗೆ ಕಾಲಿಟ್ರೆ ಹತ್ತು ನಿಮಿಷಕ್ಕೇ ಎದೆ ಹೊಡ್ಕೊಳ್ಳುತ್ತೆ." ಸ್ವಲ್ಪ ತಡೆದು ಹೇಳಿದರು: "ನಿನ್ನ ಹೆಸರೂ ಸೇರಿಸಿದ್ದೀನಿ. ಒಂದು ಮೆಸೇಜ್ ಕಳ್ಸಿದ್ದೀನಿ. ಇಲ್ಲಿಗೆ ಬಂದು ಅದನ್ನ ಒತ್ತು, ಅಷ್ಟೇ. ಆಮೇಲೆ ನಾನಿಲ್ದಿದ್ರೂ ನೀನು ಒಳಗಿದ್ರೆ ಬಾಗಿಲು ಬೀಗ ಹಾಕ್ಕೊಳ್ಳಲ್ಲ."

"ಈ ಭಾನುವಾರ ಬಂದೆ ಅಂತಲೇ ತಿಳ್ಕೊಳ್ಳಿ ಭಾವ!"

*

"ಅಲ್ಲಾ, ಪ್ರತಿ ಭಾನುವಾರ ಬರ್ತಿದ್ದೆ ಅಂತ ಆಗಿನಿಂದ ಹೇಳ್ತಿದ್ದೀರಲ್ಲ," ಎಂದಳು ಟೈಲರಮ್ಮ. "ನಿಮ್ಮ ಫೋನಿಗೂ ಬಾಗಿಲು ತೆಗೀಬೇಕಲ್ವಾ?"

"ತೆಗೀದೆ ಏನು! ಈ ಪೆಟ್ಟಿಗೆಗೆ ಬುದ್ಧಿ ತುಂಬಿದ್ದೇ ನಾನು. ಭಾವ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ನಿಂತಿದ್ರು, ಅಷ್ಟೆ."

ಗ್ರೀಸಣ್ಣ ಗೋಡೆಯ ಮೇಲಿದ್ದ ಚಿಕ್ಕ ಪರದೆಯನ್ನು ಬೆರಳಿನಿಂದ ಎಬ್ಬಿಸಿದ. ಮನೆಯವರ ಪಟ್ಟಿ ಬಂತು. ಗಟ್ಟಿಯಾಗಿ ಓದಿದ. "ಯಜಮಾನ: ಹೊರಗೆ. ಹೆಂಡತಿ: ಒಳಗೆ. ಬಾಮೈದ..." ಅಲ್ಲಿಗೆ ನಿಲ್ಲಿಸಿದ.

"ಏನಂತೆ?"

"ಒಮ್ಮೆಯೂ ಬಂದಿಲ್ಲ ಅಂತಿದೆ."

ಅಷ್ಟೂ ತಲೆಗಳು ತಿರುಗಿದವು. ಈ ಸಲ ಅವನಿಗೆ ಇನ್ನೂರು ಎಂದೇ ಅನ್ನಿಸಿತು.

"ಅದು ಹಳೇ ಸಾಫ್ಟ್‌ವೇರು."

"ಮೊನ್ನೆ ತಾನೇ ಅಪ್‌ಡೇಟ್ ಆಗಿದೆ. ನಿಂಗೊಂದು ಮೆಸೇಜ್ ಕಳ್ಸಿದ್ದೀನಿ ಅಂತಿದ್ರು ಯಜಮಾನ್ರು, ಅದನ್ನ ಹುಡುಕಯ್ಯ, ಗಾಡಿಯವನು ಹೊರಟುಬಿಡ್ತಾನೆ."

ಬಾಮೈದ ಫೋನ್ ತೆಗೆದ. ಭಾವನ ಹೆಸರಿನ ಕೆಳಗೆ ತೆರೆಯದ ಮೆಸೇಜುಗಳು ಉದ್ದಕ್ಕೂ ಸಾಲಾಗಿದ್ದವು. 'ಗುರುವಾರ ಮಧ್ಯಾಹ್ನ ಬರ್ತೀಯಾ?' 'ಮುಂದಿನ ಗುರುವಾರ ಆಗುತ್ತಾ?' 'ಬೆನ್ನು ಹೇಗಿದೆ ಈಗ?' 'ಬಿಸಿನೀರಿನ ಶಾಖ ಕೊಡು.' ಎಲ್ಲಕ್ಕಿಂತ ಹಿಂದೆ ಆ ಮೆಸೇಜ್ ಇತ್ತು. ಅದನ್ನು ಒತ್ತಿದ. ಬಾಗಿಲು ಕಟಕ್ಕೆಂದಿತು. ಪರದೆಯಲ್ಲಿ ಅವನ ಹೆಸರಿನ ಮುಂದೆ 'ಒಳಗೆ' ಎಂದು ಬಂತು.

ಗಂಡಸರು ಭಾವನನ್ನು ಎತ್ತಿದರು. ಮುಂದಿನ ಎಡಗಡೆಗೆ ಬಾಮೈದ ಹೆಗಲು ಕೊಟ್ಟ. ಹೊಸ್ತಿಲ ಹತ್ತಿರ ಗ್ರೀಸಣ್ಣ ಮೆಲ್ಲಗೆ ಹೇಳಿದ: "ನೀನು ದಾಟಿದ್ರೆ ಮತ್ತೆ ಬೀಗ. ಒಳಗೆ ಅಕ್ಕ ಒಬ್ರೇ."

"ಫೋನ್ ಇಲ್ಲೇ ಬಿಟ್ಟು ಬಂದ್ರೆ?"

"ಬಾಗಿಲು ತೆರೆದಿರುತ್ತೆ. ಅಕ್ಕ ಹೊರಡ್ತಾರೆ."

"ನೀವು ಹೋಗಿ, ಅಕ್ಕನ ಹತ್ರ ನಾನಿರ್ತೀನಿ," ಎಂದಳು ಟೈಲರಮ್ಮ. "ತಮ್ಮ ಅಲ್ವಾ, ನೀವು ಹೋಗ್ದಿದ್ರೆ ಹೇಗೆ?"

ಬಾಮೈದ ಬಾಯಿ ತೆರೆದ. ಎಂದಿನ ದೊಡ್ಡ ಬಡಾಯಿಯೊಂದು ನಾಲಿಗೆಯವರೆಗೆ ಬಂದು ಹಿಂದಕ್ಕೆ ಹೋಯಿತು. ಹೆಗಲನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಒಳಗೆ ಸರಿದ.

"ನಾನೇ ಇರ್ತೀನಮ್ಮ."

ಲಿಫ್ಟಿನಲ್ಲಿ ಮಲಗಿಸಲು ಜಾಗ ಸಾಲದೆ ಭಾವನನ್ನು ಮೆಟ್ಟಿಲಿನಲ್ಲೇ ಇಳಿಸಿದರು. ತಿರುವಿನಲ್ಲಿ ಗ್ರೀಸಣ್ಣ ಕೂಗುವುದು ಕೇಳಿಸುತ್ತಿತ್ತು: "ತಲೆ ಕಡೆ ಎತ್ತಿ, ಮೆತ್ತಗೆ, ಮೆತ್ತಗೆ." ಆಮೇಲೆ ಗಾಡಿ ಹೊರಟ ಸದ್ದು. ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು.

ಅಕ್ಕ ಅವನನ್ನೇ ನೋಡುತ್ತಿದ್ದಳು. "ನೀವು ಯಾರು? ಯಾವಾಗ್ಲೂ ಬರ್ತಿರ್ತೀರಾ?"

"ಇಲ್ಲಕ್ಕ," ಎಂದ. "ಬರ್ಲೇ ಇಲ್ಲ. ಎರಡು ವರ್ಷದಲ್ಲಿ ಒಂದು ಸಲಾನೂ ಬರ್ಲಿಲ್ಲ. ಪೆಟ್ಟಿಗೆ ಎಲ್ಲಿದೆ ಅಂತ್ಲೂ ನಂಗೊತ್ತಿಲ್ಲ. ಭಾವ ಕೇಳಿದ್ದು ವಾರಕ್ಕೊಂದು ಮಧ್ಯಾಹ್ನ, ಅಷ್ಟೇ. ಕ್ಷೌರ ಮಾಡಿಸ್ಕೊಂಡು ಬರ್ತೀನಿ, ಅಲ್ಲೀವರೆಗೆ ಕೂತಿರು ಅಂದ್ರು. ಬೆನ್ನು ನೋವು, ಏಳೋಕಾಗಲ್ಲ ಅಂದೆ. ಬೆನ್ನಿಗೆ ಏನೂ ಆಗಿರ್ಲಿಲ್ಲಕ್ಕ."

"ಬೆನ್ನು ನೋವಾ?" ಎಂದಳು ಅಕ್ಕ.

ಗಂಡ ಕೂರುತ್ತಿದ್ದ ಕುರ್ಚಿಯ ದಿಂಬನ್ನು ತಂದಳು. ಎರಡೂ ಕೈಯಲ್ಲಿ ತಟ್ಟಿ ಉಬ್ಬಿಸಿ ಅವನ ಬೆನ್ನ ಹಿಂದೆ ಇಟ್ಟಳು. ಅದಕ್ಕೆ ಒರಗಿಕೊಳ್ಳಲಾರದೆ ಅವನು ನೆಟ್ಟಗೆ ಕೂತೇ ಇದ್ದ.