ಗೆದ್ದಲು ತಿಂದ ದಿನಾಂಕ

ಹಲ್ಲಿನ ಡಾಕ್ಟರು ಓಣಿಗೆ ಅಡ್ಡಲಾಗಿ ಪಾಯ ತೋಡಿಸಿದ ದಿನ ಅಜ್ಜಿ ಕಿಟಕಿಯಿಂದ ಬೈದ ಬೈಗುಳಕ್ಕೆ ಎದುರುಮನೆಯ ಬೆಕ್ಕು ಕೂಡ ಗೋಡೆ ಇಳಿದು ಒಳಗೆ ಹೋಯಿತು. ಡಾಕ್ಟರು ಮಾತ್ರ ಅಲುಗಲಿಲ್ಲ. ದಿನವಿಡೀ ತೆರೆದ ಬಾಯಿಗಳ ಮುಂದೆ ಕೂರುವ ಮನುಷ್ಯನಿಗೆ ಇನ್ನೊಂದು ಬಾಯಿ ಯಾವ ಲೆಕ್ಕ?

"ಕಾರು ನಿಲ್ಲಿಸೋಕೆ ಜಾಗ ಬೇಕು ಅಜ್ಜಿ. ಗೋಡೆ ಕಟ್ಟಿಸ್ತೀನಿ. ನಿಮಗೆ ಓಡಾಡೋಕೆ ಅಂತ ಎರಡಡಿ ಬಿಟ್ಟಿದೀನಲ್ಲ."

"ಎರಡಡೀಲಿ ನಿನ್ನ ನಾಲಿಗೆ ಓಡಾಡುತ್ತೆ ಕಣೋ, ನನ್ನ ಕುರ್ಚಿ ಓಡಾಡಲ್ಲ!"

ಅಜ್ಜಿಯ ಮಾತು ಒರಟು, ಲೆಕ್ಕ ಸರಿ. ಮೊಮ್ಮಗಳು ಟೇಪು ತಂದು ಅಳೆದಳು. ಗಾಲಿಕುರ್ಚಿಯ ಅಗಲ ಎರಡಡಿ ಮೂರಿಂಚು. ಅಜ್ಜಿ ಸೊಂಟ ಮುರಿದುಕೊಂಡು ಐದು ತಿಂಗಳಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಕಾಲಿನ ವ್ಯಾಯಾಮ ಮಾಡಬೇಕು, ಬಿಟ್ಟರೆ ಕಾಲು ಕೊರಡಾಗುತ್ತದೆ, ಆಮೇಲೆ ದೇವರು ಬಂದು ಎಬ್ಬಿಸಿದರೂ ಏಳುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದರು. ಮನೆ ಓಣಿಯ ಕೊನೆಯಲ್ಲಿತ್ತು. ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಸದ್ಯಕ್ಕೆ ಪಾಯದ ಮೇಲೆ ಹಲಗೆ ಹಾಕಿದ್ದರು, ಕುರ್ಚಿ ಅದರ ಮೇಲೆ ದಾಟುತ್ತಿತ್ತು.

"ಓಣಿ ಎಲ್ಲರದ್ದು ಅಂತೀರಲ್ಲ, ಸಾಬೀತು ಮಾಡಿ," ಎಂದರು ಡಾಕ್ಟರು. "ನಗರಸಭೆಯಿಂದ ನಕ್ಷೆ ತನ್ನಿ, ಪಾಯ ಮುಚ್ಚಿಸ್ತೀನಿ. ಮೇಸ್ತ್ರಿ ಬೇರೆ ಕೆಲಸದ ಮೇಲಿದಾನೆ, ತಿಂಗಳ ಕೊನೆಗೆ ಬರ್ತಾನೆ. ಅಲ್ಲೀತನಕ ಟೈಮು ನಿಮ್ಮದು."

ಅಷ್ಟು ಹೇಳಿ ನಕ್ಕರು. ಹಲ್ಲುಗಳು ಚೆನ್ನಾಗಿದ್ದವು.

ನಕ್ಷೆ ತರಬೇಕಾದವಳು ಮೊಮ್ಮಗಳೇ. ಆದರೆ ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಮೌನಗೌರಿ ಎಂದು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮುಖ್ಯರಸ್ತೆಯ ದರ್ಜಿಗೆ ಮನೆಯಲ್ಲೇ ಕಾಜಾ ಹಾಕಿಕೊಡುತ್ತಿದ್ದಳು. ಅಜ್ಜಿಯ ಎದುರು ಬಾಯಿ ಬರುತ್ತಿತ್ತು. ಹೊಸ್ತಿಲು ದಾಟಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ನಾನು ಮಾತಾಡಲ್ಲ ಅಜ್ಜಿ. ಬರೆದು ಕೊಡ್ತೀನಿ."

"ಕೊಡು. ಮಾತಾಡೋಕೆ ಈ ಮನೇಲಿ ನಾನೊಬ್ಬಳು ಸಾಕು."

ನಗರಸಭೆಯ ಕಚೇರಿಯಲ್ಲಿ ಒಳಬರುವ ಕಾಗದಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದದ್ದು ಟಪಾಲಕ್ಕ. ದಪ್ಪ ಕೈ, ಸಣ್ಣ ಮುದ್ರೆ. ಕಾಗದ ಮೇಜಿಗೆ ತಾಗುವ ಮೊದಲೇ ಮುದ್ರೆ ಬೀಳುತ್ತಿತ್ತು. ಓದುವ ಅಭ್ಯಾಸ ಅವಳಿಗಿರಲಿಲ್ಲ. ಅವಳ ಮುಂದೆ ಒಬ್ಬ ಮುದುಕ ಮೇಜು ಗುದ್ದಿ ಕೂಗುತ್ತಿದ್ದ.

"ಕೂಗಿ ಯಜಮಾನ್ರೆ, ಗಂಟಲು ನಿಮ್ಮದು," ಎಂದಳು ಟಪಾಲಕ್ಕ. "ಆದ್ರೆ ಒಂದು ತಿಳ್ಕೊಳ್ಳಿ. ಇಲ್ಲಿ ಮುದ್ರೆ ಬಿದ್ದ ಕಾಗದಕ್ಕೆ ವಾರದೊಳಗೆ ಬರವಣಿಗೇಲಿ ಉತ್ತರ ಹೋಗ್ಲೇಬೇಕು. ಬೈಗುಳಕ್ಕೆ ಉತ್ತರ ಕೊಡೋ ನಿಯಮ ಇಲ್ಲ."

ಹಿಂದೆ ನಿಂತಿದ್ದ ಮೌನಗೌರಿ ಆ ಮಾತನ್ನು ಸೂಜಿಗೆ ನೂಲು ಪೋಣಿಸಿದಂತೆ ಮನಸ್ಸಿಗೆ ಪೋಣಿಸಿಕೊಂಡಳು. ತನ್ನ ಕಾಗದ ಇಟ್ಟಳು. ‘ನಮ್ಮ ಓಣಿಯ ನಕ್ಷೆಯ ನಕಲು ಬೇಕು’ ಎಂಬ ಒಂದೇ ಸಾಲು. ಮುದ್ರೆ ಬಿತ್ತು. ಟಪಾಲಕ್ಕ ದಾಖಲೆ ಕೊಠಡಿಯ ಕಡೆ ಗಲ್ಲ ತಿರುಗಿಸಿದಳು.

ದಾಖಲೆ ಕೊಠಡಿಯ ಗುಮಾಸ್ತರು ಹಳೇ ಕಾಗದದ ಬಣ್ಣಕ್ಕೇ ತಿರುಗಿದ್ದ ಮನುಷ್ಯ. ಅವರಿಗೆ ಒಂದೇ ಒಂದು ವ್ರತ: ಸಹಿ ಇಲ್ಲದೆ ಆ ಕೊಠಡಿಯಿಂದ ಗುಂಡುಸೂಜಿಯೂ ಹೊರಗೆ ಹೋಗಬಾರದು. ಅವಳು ನೋಡುತ್ತಿದ್ದಂತೆಯೇ ಸಾಹೇಬರು ಬಂದು ರಬ್ಬರು ತೆಗೆದುಕೊಂಡರು. ಗುಮಾಸ್ತರು ಒಂದು ದಪ್ಪ ಪುಸ್ತಕ ಬಿಡಿಸಿ ಅಡ್ಡ ಹಿಡಿದರು.

"ಸಹಿ ಸಾರ್."

"ರಬ್ಬರಿಗೂನಾ?"

"ರಬ್ಬರಿಗೂ ಸಾರ್. ವಾಪಸ್ ತಂದಾಗ ಇನ್ನೊಂದು ಸಹಿ."

ಸಾಹೇಬರು ಗೊಣಗುತ್ತ ಸಹಿ ಹಾಕಿ ಹೋದರು. ಗುಮಾಸ್ತರು ಅವಳ ಕಾಗದ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಆ ನಕ್ಷೆ ಇಲ್ಲಮ್ಮ. ಗೆದ್ದಲು ತಿಂದಿದೆ."

ಅವಳು ನಿಂತೇ ಇದ್ದಳು.

"ಗೆದ್ದಲು. ಹುಳ. ತಿಂದ್ಬಿಟ್ಟಿದೆ."

ಅವಳಿಗೆ ಕಾಲು ಕೀಳಲಿಕ್ಕೂ ನಾಚಿಕೆ. ಗುಮಾಸ್ತರಿಗೆ ಅದು ಹಟದಂತೆ ಕಂಡಿತು.

"ನಾನೇನು ಮಾಡ್ಲಮ್ಮ? ಹುಳದ ಹೊಟ್ಟೆ ಸೀಳಿ ತೆಗೀಲಾ? ಹೋಗು ತಾಯಿ."

ಮನೆಗೆ ಬಂದು ಹೇಳಿದಾಗ ಅಜ್ಜಿ ಗೆದ್ದಲಿನ ವಂಶವನ್ನೂ ಗುಮಾಸ್ತರ ವಂಶವನ್ನೂ ಒಂದೇ ಉಸಿರಿನಲ್ಲಿ ಉದ್ಧಾರ ಮಾಡಿದಳು. ಮೊಮ್ಮಗಳು ಆ ಸಂಜೆ ಏಳು ಅಂಗಿಗೆ ಕಾಜಾ ಹಾಕುತ್ತ ಯೋಚಿಸಿದಳು. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಗೆದ್ದಲು ತಿಂದರೆ ಅಂಚಿನಿಂದ ತಿನ್ನುತ್ತದೆ, ನಡುವೆ ಒಂದಿಷ್ಟು ಉಳಿದಿರುತ್ತದೆ. ತಾತನ ಕೋಟಿನಲ್ಲಿ ಅವಳೇ ನೋಡಿದ್ದಳು. ಹಾಗಾಗಿ ಎರಡನೆಯ ಕಾಗದವನ್ನು ತಮಾಷೆಗೆ ಬರೆಯಲಿಲ್ಲ:

‘ನಮ್ಮ ಓಣಿಯ ನಕ್ಷೆಯನ್ನು ಗೆದ್ದಲು ತಿಂದ ದಿನಾಂಕ ತಿಳಿಸಬೇಕು. ಪೂರ್ತಿ ತಿಂದಿದೆಯೋ ಸ್ವಲ್ಪ ಉಳಿಸಿದೆಯೋ ತಿಳಿಸಬೇಕು. ಉಳಿಸಿದ್ದರೆ ಉಳಿದದ್ದರ ನಕಲು ಕೊಡಬೇಕು. ಅಕ್ಕಪಕ್ಕದ ಓಣಿಗಳ ನಕ್ಷೆಗಳನ್ನೂ ತಿಂದಿದೆಯೇ, ಅಥವಾ ನಮ್ಮದನ್ನು ಮಾತ್ರವೇ, ತಿಳಿಸಬೇಕು.’

ಟಪಾಲಕ್ಕ ರೂಢಿಯಂತೆ ಮೊದಲು ಮುದ್ರೆ ಒತ್ತಿದಳು. ಆಮೇಲೆ ಏನೋ ಕಣ್ಣಿಗೆ ಬಿದ್ದು, ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ ಒಂದು ಅರ್ಜಿ ಓದಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಸಿಪೆಟ್ಟಿಗೆ ಕೆಳಗೆ ಬಿತ್ತು.

"ಕೇಳ್ರಪ್ಪಾ! ಗೆದ್ದಲು ಊಟ ಮಾಡಿದ ತಾರೀಕು ಬೇಕಂತೆ!"

ಇಡೀ ಕಚೇರಿ ನಕ್ಕಿತು. ಮೌನಗೌರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಗದೇ ಇದ್ದವರು ಒಬ್ಬರೇ, ಗುಮಾಸ್ತರು. ನಕ್ಷೆ ಹಾಳಾಗಿದೆ ಎಂದು ಬಾಯಲ್ಲಿ ಹೇಳುವುದು ಸುಲಭ, ಉಗುಳು ಒಣಗಿದರೆ ಮುಗಿಯಿತು. ಬರೆದು ಕೊಟ್ಟರೆ ನಷ್ಟದ ವರದಿ ಆಗಬೇಕು, ಸಾಹೇಬರ ಸಹಿ ಬೀಳಬೇಕು, ಕೊಠಡಿ ಕಾಯುವವರು ನಿದ್ದೆ ಮಾಡುತ್ತಿದ್ದರೇ ಎಂದು ವಿವರಣೆ ಕೇಳುತ್ತಾರೆ. ಕಾಯುವವರು ಅವರೇ. ಇಪ್ಪತ್ತಾರು ವರ್ಷದಲ್ಲಿ ಒಂದು ಹಾಳೆ ಕಳೆದವರಲ್ಲ.

ಐದನೆಯ ದಿನ ಉತ್ತರ ಬಂತು: ‘ಸದರಿ ನಕ್ಷೆಯನ್ನು ಗೆದ್ದಲು ತಿಂದಿರುವುದಿಲ್ಲ. ನಕ್ಷೆಯು ಸದ್ಯ ಕೊಠಡಿಯಲ್ಲಿ ಇರುವುದಿಲ್ಲ.’

"ನೋಡು, ಹುಳಕ್ಕೆ ಬಿಡುಗಡೆ ಸಿಕ್ತು," ಎಂದಳು ಅಜ್ಜಿ. "ಈಗ ಯಾರನ್ನ ಹಿಡೀತೀಯ?"

ಮೊಮ್ಮಗಳು ರಬ್ಬರು ಬರೆದ ಪುಸ್ತಕವನ್ನು ನೆನೆಸಿಕೊಂಡು ಮೂರನೆಯದನ್ನು ಬರೆದಳು. ‘ಗೆದ್ದಲು ತಿನ್ನದ ನಕ್ಷೆ ಕೊಠಡಿಯಿಂದ ಹೊರಗೆ ಹೋದ ದಿನದ ಪುಸ್ತಕದ ಪುಟದ ನಕಲು ಬೇಕು.’

ಇಲ್ಲಿ ಬೇರೆ ಯಾವ ಗುಮಾಸ್ತರಾಗಿದ್ದರೂ ಪುಸ್ತಕಕ್ಕೇ ಗೆದ್ದಲು ಹಿಡಿಸುತ್ತಿದ್ದರು. ಈ ಗುಮಾಸ್ತರಿಗೆ ಆ ಪುಸ್ತಕವೆಂದರೆ ಹೆತ್ತ ಮಗು. ಕೇಳಿದವರಿಲ್ಲದೆ ಇಷ್ಟು ವರ್ಷ ಗೆರೆ ಎಳೆದು, ದುಂಡಗೆ ಬರೆದು ಇಟ್ಟದ್ದನ್ನು ಕೊನೆಗೂ ಒಬ್ಬಳು ನೋಡಬೇಕು ಅಂದಿದ್ದಳು. ಪುಟದಲ್ಲಿ ತಪ್ಪೂ ಇರಲಿಲ್ಲ. ಕೊಟ್ಟ ದಿನ ಇತ್ತು, ಸಹಿ ಇತ್ತು, ಪಡೆದವರು ಹೊರಗಿನವರಾದ್ದರಿಂದ ಮುದ್ರೆಯನ್ನೂ ಹಾಕಿಸಿದ್ದರು. ಖುಷಿಯಿಂದಲೇ ನಕಲು ತೆಗೆದು, ಅವಳ ಕೈಗೇ ಕೊಡೋಣವೆಂದು ಟಪಾಲಕ್ಕನ ಮೇಜಿಗೆ ತಂದರು.

ಈಗ ಓದುವ ಚಟ ಹತ್ತಿದ್ದ ಟಪಾಲಕ್ಕ ಕಸಿದುಕೊಂಡಳು.

"‘ಓಣಿಯ ನಕ್ಷೆ, ಮೂಲ ಪ್ರತಿ. ಉದ್ದೇಶ: ನೋಡಿ ಕೊಡಲು. ಪಡೆದವರು...’ ಅಯ್ಯೋ ಪುಣ್ಯಾತ್ಮ! ಇದು ಹಲ್ಲಿನ ಡಾಕ್ಟ್ರ ಮುದ್ರೆ ಅಲ್ವಾ?"

"ಹೌದು. ಸರಿಯಾಗಿ ಬಿದ್ದಿದೆ ನೋಡು, ಎಲ್ಲೂ ಮಸಿ ಕದಡಿಲ್ಲ."

"ಸರ್ಕಾರದ ನಕ್ಷೆನ ಹಲ್ಲು ಕೀಳೋರಿಗೆ ಎರವಲು ಕೊಟ್ಟು, ಅದಕ್ಕೆ ಸಾಕ್ಷಿ ಬೇರೆ ಜೋಪಾನ ಮಾಡಿದೀಯಲ್ಲಪ್ಪ! ಕೊಡಬಹುದಾ ಹಂಗೆ?"

ಗುಮಾಸ್ತರ ಮುಖದ ಮೇಲಿನ ಖುಷಿ ಒಂದೊಂದೇ ಮೆಟ್ಟಿಲು ಇಳಿಯಿತು. "ಅವತ್ತು ನಂಗೆ ದವಡೆ ಹಲ್ಲು ನೋವು ಕಣೆ. ಕುರ್ಚೀಲಿ ಮಲಗಿದ್ದೆ. ಬಾಯ್ತುಂಬ ಹತ್ತಿ ತುರುಕಿ ಕೇಳಿದ್ರು, ನಕ್ಷೆ ಒಂದು ವಾರಕ್ಕೆ ಕೊಡ್ತೀರಾ ಅಂತ. ಕೈಯಲ್ಲಿ ಇಕ್ಕಳ ಬೇರೆ ಇತ್ತು. ಹತ್ತಿ ಇರೋ ಬಾಯಲ್ಲಿ ಯಾರು ಆಗಲ್ಲ ಅಂತಾರೆ? ಹ್ಞೂಂ ಅಂದೆ. ಅಂದ ಮೇಲೆ ಮಾತು ಉಳಿಸ್ಕೊಬೇಕಲ್ಲ. ಸಹಿ ಇದೆ, ಮುದ್ರೆ ಇದೆ, ತಪ್ಪೇನು ಅಂದ್ಕೊಂಡೆ."

"ಆ ಒಂದು ವಾರ ಆಗಿ ಎಷ್ಟು ವಾರ ಆಯ್ತು?"

"ಹದಿನಾಲ್ಕು."

ಮೇಜಿನ ಈಚೆ ಮೌನಗೌರಿ ಬಗ್ಗಿ ಏನೋ ಬರೆಯುತ್ತಿದ್ದಳು. ಬರೆದು ಮೆಲ್ಲನೆ ಸರಿಸಿದಳು. ಟಪಾಲಕ್ಕ ಮುದ್ರೆ ಒತ್ತಿ, ಓದಿ, ಈ ಸಲ ನಗದೆ ಗುಮಾಸ್ತರಿಗೆ ದಾಟಿಸಿದಳು. ‘ನಕ್ಷೆಯನ್ನು ವಾಪಸು ಕೇಳಿ ಡಾಕ್ಟರಿಗೆ ಕಚೇರಿಯಿಂದ ಕಳಿಸಿದ ಪತ್ರಗಳ ನಕಲು ಬೇಕು.’

ಒಂದೂ ಪತ್ರ ಹೋಗಿರಲಿಲ್ಲ.

"ಈ ಹುಡುಗಿ ಬಾಯಿ ಬಿಟ್ಟು ಬೈದಿದ್ರೆ ಎಷ್ಟು ಚೆನ್ನಾಗಿತ್ತು," ಎಂದರು ಗುಮಾಸ್ತರು. ಚಪ್ಪಲಿ ಮೆಟ್ಟಿದರು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. "ನಡಿಯಮ್ಮ."

ಡಾಕ್ಟರ ಕೋಣೆಯಲ್ಲಿ ಒಬ್ಬ ಹೆಂಗಸು ಬಾಯಿ ತೆರೆದುಕೊಂಡು ಮಲಗಿದ್ದಳು. ಗುಮಾಸ್ತರು ಅವಳ ಹೊಟ್ಟೆಯ ಮೇಲೆಯೇ ಪುಸ್ತಕ ಬಿಡಿಸಿದರು.

"ನಕ್ಷೆ ಕೊಡಿ ಡಾಕ್ಟ್ರೇ."

"ಯಾವ ನಕ್ಷೆ?"

"ಈ ಸಹಿ ಯಾರದ್ದು?"

"ಆಮೇಲೆ ಮಾತಾಡೋಣ, ಪೇಷೆಂಟ್ ಇದಾರೆ."

"ಆ... ಆ..." ಎಂದಳು ಹೆಂಗಸು, ಪುಸ್ತಕದತ್ತ ಕಣ್ಣು ಹೊರಳಿಸಿ.

"ನೋಡಿ, ಅವರೂ ಅದನ್ನೇ ಹೇಳ್ತಿದಾರೆ. ನನ್ನ ನೌಕರಿ ಹೋಗುತ್ತೆ ಸ್ವಾಮಿ! ಕೊಡದೆ ಇದ್ರೆ ಈ ಪುಟ ನಾಳೆ ಸಾಹೇಬರ ಮೇಜಿನ ಮೇಲಿರುತ್ತೆ. ಇನ್ನೊಂದು ಹಲ್ಲು ಕೀಳ್ತೀರಾ? ಕಿತ್ಕೊಳ್ಳಿ. ಇವತ್ತು ಬಾಯಲ್ಲಿ ಹತ್ತಿ ಇಲ್ಲ."

ಡಾಕ್ಟರು ಎಕ್ಸ್-ರೇ ಇಡುವ ಬೀರು ತೆಗೆದು ಸುರುಳಿ ಹೊರಗೆ ಎಳೆದರು. ಗುಮಾಸ್ತರು ನಾಲ್ಕೂ ಮೂಲೆ ಪರೀಕ್ಷಿಸಿ, ವಾಪಸು ಕೊಟ್ಟದ್ದಕ್ಕೂ ಸಹಿ ಹಾಕಿಸಿಕೊಂಡೇ ಹೊರಟರು.

ತಿಂಗಳ ಕೊನೆಯ ದಿನ ಓಣಿಯಲ್ಲಿ ಜಾತ್ರೆಯಂಥ ಗುಂಪು. ಗೋಡೆ ಕಟ್ಟಲು ಬಂದ ಮೇಸ್ತ್ರಿ, ನಕ್ಷೆ ಹಿಡಿದ ಗುಮಾಸ್ತರು, ನಗರಸಭೆಯ ಸರ್ವೇಯರು, ಕೆಲಸವಿಲ್ಲದ ಬೀದಿಯವರು. ಸರ್ವೇಯರು ಸರಪಳಿ ಎಳೆದು ಓದಿದರು.

"ಓಣಿ ಸಾರ್ವಜನಿಕ. ಉದ್ದಕ್ಕೂ ಎಂಟಡಿ. ಪಾಯ ಮುಚ್ಚಬೇಕು ಡಾಕ್ಟ್ರೇ."

ಕಿಟಕಿಯಿಂದ ಅಜ್ಜಿ ಚಪ್ಪಾಳೆ ಹೊಡೆದಳು. ಡಾಕ್ಟರು ಓಣಿಯ ಕೊನೆಗೆ ಬೆರಳು ತೋರಿಸಿದರು.

"ಉದ್ದಕ್ಕೂ ಎಂಟಡಿ ಅಂದ್ರಲ್ಲ, ಅಲ್ಲಿ ಅಳೀರಿ. ಇವರ ಬಚ್ಚಲುಮನೆ ಓಣಿಗೆ ಬಂದಿಲ್ವಾ?"

ಅಳೆದರು. ಬಂದಿತ್ತು, ಒಂದೂವರೆ ಅಡಿ. ತಾತ ಕಣ್ಣಳತೆಯಲ್ಲಿ ಕಟ್ಟಿದ್ದ ಬಚ್ಚಲು.

"ಬರೆದ್ರೆ ಎರಡೂ ಬರೀಬೇಕು," ಎಂದರು ಸರ್ವೇಯರು, ಕಿವಿ ಕೆರೆದುಕೊಳ್ಳುತ್ತ. "ಇಲ್ಲಾಂದ್ರೆ ಎರಡೂ ಇಲ್ಲ. ನೀವು ನೀವೇ ಮಾತಾಡ್ಕೊಳ್ಳಿ."

ಡಾಕ್ಟರ ದನಿ ಬೆಣ್ಣೆಯಾಯಿತು. "ಮೂರಡಿ ಬಿಡ್ತೀನಮ್ಮ. ಕುರ್ಚಿ ಆರಾಮಾಗಿ ಹೋಗುತ್ತೆ. ನಿಮ್ಮ ಬಚ್ಚಲು ಮುಟ್ಟೋದು ಬೇಡ, ನನ್ನ ಗೋಡೆ ಮುಟ್ಟೋದು ಬೇಡ. ಏನಂತೀಯ?"

ಜನ ಅವಳನ್ನು ನೋಡಿದರು. ಒಪ್ಪಿಕೋ, ಒಪ್ಪಿಕೋ ಎಂದು ಒಬ್ಬಿಬ್ಬರು ಪಿಸುಗುಟ್ಟಿದರು. ಮೂರಡಿಯಲ್ಲಿ ಕುರ್ಚಿ ನೆಟ್ಟಗೆ ಹೋಗುವುದು ನಿಜ. ಆದರೆ ಪಾಯ ಇದ್ದದ್ದು ಓಣಿ ತಿರುಗುವ ಕಡೆ. ತಿರುಗಿಸಲಿಕ್ಕೆ ಐದಡಿ ಬೇಕು. ಅದು ಕುರ್ಚಿಯಲ್ಲಿ ಕೂತ ಅಜ್ಜಿಗೂ ಗೊತ್ತಿರಲಿಲ್ಲ, ದಿನಾ ತಳ್ಳುವವಳಿಗೆ ಗೊತ್ತಿತ್ತು.

ಅವಳ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿತು.  ಸರ್ವೇಯರ ಕೈಯಿಂದ ಅಳತೆಪಟ್ಟಿ ಇಸಿದುಕೊಂಡು ಮನೆಯ ಕಡೆ ನಡೆದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಜೇಬಿನಲ್ಲಿತ್ತು. ಬಚ್ಚಲಿನ ಬದಿಗೋಡೆಯ ಮೇಲೆ ಓಣಿಯ ಕಡೆಯಿಂದ ಒಂದೂವರೆ ಅಡಿ ಅಳೆದು, ಮೇಲಿನಿಂದ ಕೆಳಗೆ ನೆಟ್ಟಗೆ ಗೆರೆ ಎಳೆದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ನಿಂತಳು.



"ಏನೇ ಅದು? ಏನು ಬರೀತಿದಾಳೆ ಅವಳು?" ಕಿಟಕಿಯಿಂದ ಅಜ್ಜಿ. ಯಾರೋ ಹೇಳಿದರು.  ಅದು ಮದುವೆಯಾದ ವರ್ಷ ಅಜ್ಜಿ, ತಾತ ಇಬ್ಬರೂ ಇಟ್ಟಿಗೆ ಹೊತ್ತು ಕಟ್ಟಿದ್ದ ಬಚ್ಚಲು.

"ಕಟ್ಟಿದ ದಿನಾನೇ ಅಂದಿದ್ದೆ, ಸೊಟ್ಟಗಿದೆ ಕಣ್ರೀ ಅಂತ," ಎಂದಳು. ದನಿ ಒಂದಿಷ್ಟು ಒಡೆದಿತ್ತು. "ಆ ಮನುಷ್ಯ ಕೇಳಿದ್ರೆ ತಾನೇ. ಒಡೀರಿ! ನೀರು ಹೊಯ್ಕೊಳ್ಳೋಕೆ ಅರಮನೆ ಬೇಕಾ? ಮೊದಲು ಆ ಡಾಕ್ಟ್ರ ಪಾಯ ಮುಚ್ಚಿ, ಆಮೇಲೆ ನಮ್ಮದು ಒಡೀರಿ. ಮರ್ಯಾದೆ ಪ್ರಕಾರ ದೊಡ್ಡವರದ್ದು ಮೊದಲು!"

ಸರ್ವೇಯರು ಎರಡನ್ನೂ ಬರೆದುಕೊಂಡರು. ಗುಮಾಸ್ತರು ಯಾರೂ ಕೇಳದೆಯೇ ಎಲ್ಲರ ಸಹಿ ಹಾಕಿಸಿಕೊಂಡರು. ಪಾಯಕ್ಕೆ ಮಣ್ಣು ಬಿತ್ತು, ಬಚ್ಚಲಿನ ಗೋಡೆ ಉರುಳಿತು. ಹೊಸ ಗೋಡೆ ಏಳುವವರೆಗೆ ಹತ್ತು ದಿನ ಅಜ್ಜಿಯ ಸ್ನಾನ ಎರಡು ದುಪ್ಪಟಿಯ ಮರೆಯಲ್ಲಿ ನಡೆಯಿತು. ಯಾರಾದರೂ ಓಣಿಗೆ ಕಾಲಿಟ್ಟರೆ ಒಳಗಿನಿಂದ, "ನೋಡೋದಿದ್ರೆ ಅರ್ಜಿ ಕೊಟ್ಟು ಬನ್ನಿ!" ಎಂಬ ಕೂಗು ಬರುತ್ತಿತ್ತು. ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ಓಡುತ್ತಿದ್ದರು.

ಪಾಯ ಮುಚ್ಚಿದ ಮರುದಿನ ಆಸ್ಪತ್ರೆಗೆ ಹೊರಟಾಗ ಮೊಮ್ಮಗಳು ಅಭ್ಯಾಸದಂತೆ ಕುರ್ಚಿಯನ್ನು ಗೋಡೆಯ ಬದಿಗೆ ಒತ್ತಿ ತಳ್ಳತೊಡಗಿದಳು. ಅಜ್ಜಿ ಅವಳ ಕೈಯ ಮೇಲೆ ಹೊಡೆದಳು.

"ಕಳ್ಳರ ಥರ ಬದೀಲಿ ಯಾಕೆ ಹೋಗ್ತೀಯ? ಎಂಟಡಿ ಇದೆ. ಎಂಟಡೀನೂ ಬಳಸು."

ಮೌನಗೌರಿ ಅತ್ತಿತ್ತ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಕುರ್ಚಿಯನ್ನು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ತಿರುಗಿಸುತ್ತ, ಹಾವಿನ ಹಾಗೆ, ಮುಖ್ಯರಸ್ತೆಯವರೆಗೂ ತಳ್ಳಿಕೊಂಡು ಹೋದಳು.